ಅಕ್ಕನ ಹಸಿರು ಕಾರ್ಡು

ಮಕ್ಕಳೇ, ಹಿರಿಯರೇ, ಈ ವಾರ ಎರಡು ಪತ್ರಗಳಿಗೆ ಸೇರಿಸಿ ಉತ್ತರ ಬರೆಯುತ್ತಿದ್ದೇನೆ. ಒಂದು ಪತ್ರ ಇಂಡಿಯ ಏಳನೇ ತರಗತಿಯ ಹುಡುಗಿಯದು. “ನಮ್ಮ ಅಕ್ಕ ಓದಾಕಂತ ಅಮೆರಿಕಕ್ಕ ಹೋಗಿದ್ಲು. ಅಲ್ಲೇ ಲಗ್ನ ಆಗ್ಯಾಳ. ಈಗ ಆಕಿ ಅಮೆರಿಕದಾಕಿ ಆದಳೇನ್ರಿ ಅಜ್ಜಾರ? ದೀಪಾವಳಿಗಿ ಯಾಕ ಬರಲಿಲ್ಲ?” ಎಂದು ಕೇಳಿದ್ದಾಳೆ. ಇನ್ನೊಂದು ಮುದ್ದೇಬಿಹಾಳ ಕಡೆಯ ಹಿರಿಯರೊಬ್ಬರದು. “ಮೊಮ್ಮಗಳಿಗೆ ಗ್ರೀನ್ ಕಾರ್ಡ್ ಬಂದ್ರ, ಇಲ್ಲಿ ಹೊಲದಾಗ ಆಕಿ ಪಾಲು ಹೋಗತೈತೇನು?” ಎಂಬುದು ಅವರ ಚಿಂತೆ.

ನಮ್ಮ ಗೊಳಸಂಗಿಯ ಮನೆಯಲ್ಲೂ ಎರಡು ವರ್ಷದಿಂದ ಇದೇ ಮಾತು ನಡೆದಿದೆ. ಇದೇ ಊರಿಗೆ ಕೊಟ್ಟ ನನ್ನ ತಂಗಿಗೆ ಒಬ್ಬ ಮೊಮ್ಮಗಳಿದ್ದಾಳೆ, ಮಗಳ ಮಗಳು. ವಿಜಯಪುರದಲ್ಲಿ ಇಂಜಿನಿಯರಿಂಗ್ ಮುಗಿಸಿ 2021ರಲ್ಲಿ ಅಮೆರಿಕಕ್ಕೆ ಓದಲು ಹೋದಳು. 2024ರ ಜನವರಿಯಲ್ಲಿ ಅಲ್ಲಿಯೇ ಲಗ್ನವಾಯಿತು. ಹುಡುಗನ ತಂದೆ-ತಾಯಿ ಧಾರವಾಡ ಕಡೆಯವರು. ಅವನು ಹುಟ್ಟಿದ್ದು ಅಲ್ಲಿ, ಹಾಗಾಗಿ ಅಮೆರಿಕದ ಪೌರ. ಆ ಹುಡುಗಿಯ ಕಾಗದಪತ್ರಗಳ ಕೆಲಸಕ್ಕೆ ಓಡಾಡಿದ ಕಾರಣ ಈ ದಾರಿಯ ತಿರುವುಗಳು ನನಗೆ ಒಂದಿಷ್ಟು ಗೊತ್ತಾಗಿವೆ. ಅವನ್ನೇ ಹೇಳುತ್ತೇನೆ.

ಹಾಸ್ಟೆಲ್ಲಿನ ಅನುಮತಿ, ಹಕ್ಕುಪತ್ರ

ಮೊದಲು ವಿದ್ಯಾರ್ಥಿ ವೀಸಾ ಎಂದರೇನು ನೋಡೋಣ. ಅಮೆರಿಕದಲ್ಲಿ ಅದಕ್ಕೆ ಎಫ್-1 ಎನ್ನುತ್ತಾರೆ. ನೀವು ಹಾಸ್ಟೆಲ್ಲಿನಲ್ಲಿದ್ದು ಓದುವಾಗ ಕೋಣೆ ಕೊಡುತ್ತಾರೆ, ಊಟ ಕೊಡುತ್ತಾರೆ; ಆದರೆ ಓದು ಮುಗಿದ ಮೇಲೆ ಟ್ರಂಕು ಎತ್ತಿಕೊಂಡು ಹೊರಡಬೇಕು. ಎಫ್-1 ಕೂಡ ಹಾಗೆಯೇ. ಓದುವವರೆಗೆ ಇರಬಹುದು. ತರಗತಿ ನಡೆಯುವ ದಿನಗಳಲ್ಲಿ ವಿಶ್ವವಿದ್ಯಾಲಯದೊಳಗೆ ವಾರಕ್ಕೆ 20 ಗಂಟೆಯವರೆಗೆ ಕೆಲಸ ಮಾಡಬಹುದು. ಓದು ಮುಗಿದ ಮೇಲೆ ಕಲಿತ ವಿಷಯದಲ್ಲೇ 12 ತಿಂಗಳು ಕೆಲಸ ಮಾಡಲು ಅವಕಾಶವಿದೆ. ವಿಜ್ಞಾನ, ತಂತ್ರಜ್ಞಾನ, ಗಣಿತ ಓದಿದವರಿಗೆ ಇನ್ನೂ 24 ತಿಂಗಳು ಸಿಗುತ್ತದೆ. ವೀಸಾ ಸಂದರ್ಶನದಲ್ಲಿ “ಓದಿ ಊರಿಗೆ ಮರಳುತ್ತೇನೆ” ಎಂದು ಅಧಿಕಾರಿಗೆ ನಂಬಿಕೆ ಬರುವಂತೆ ಹೇಳಬೇಕು. 2023-24ರ ಸಾಲಿನಲ್ಲಿ ನಮ್ಮ ದೇಶದ 3,31,602 ವಿದ್ಯಾರ್ಥಿಗಳು ಅಮೆರಿಕದಲ್ಲಿದ್ದರು. ಬೇರೆ ಯಾವ ದೇಶದವರೂ ಅಷ್ಟು ಜನ ಇರಲಿಲ್ಲ.

ಹಸಿರು ಕಾರ್ಡು ಬೇರೆ ಸ್ವರೂಪದ್ದು. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಊರು ಬಿಟ್ಟುಕೊಟ್ಟ ನಮ್ಮ ಕಡೆಯ ಹಿರಿಯರಿಗೆ ಇದನ್ನು ತಿಳಿಸುವುದು ಸುಲಭ. ಪುನರ್ವಸತಿ ಕೇಂದ್ರದಲ್ಲಿ ಜಾಗ ಸಿಕ್ಕಾಗ ಕೈಗೆ ಬಂದ ಹಕ್ಕುಪತ್ರ ನೆನಪಿದೆಯಲ್ಲ? ‘ಇಲ್ಲಿ ಇರಬಹುದು, ದುಡಿಯಬಹುದು, ಯಾರೂ ಎಬ್ಬಿಸುವಂತಿಲ್ಲ’ ಎಂಬ ಧೈರ್ಯ ಕೊಡುವ ಕಾಗದ ಅದು. ಹಸಿರು ಕಾರ್ಡು ಹೆಚ್ಚುಕಡಿಮೆ ಹಾಗೆಯೇ. ಅದು ಕಾಯಂ ವಾಸದ ಪರವಾನಗಿ. ಪೌರತ್ವ ಬೇರೆ. ಹಸಿರು ಕಾರ್ಡು ಬಂದ ಮೇಲೂ ಅಕ್ಕನ ಕೈಯಲ್ಲಿ ಇರುವುದು ಭಾರತದ ಪಾಸ್‌ಪೋರ್ಟೇ. ಆದ್ದರಿಂದ ಇಂಡಿಯ ಪುಟ್ಟಿಗೆ ನನ್ನ ಉತ್ತರ ಇದು: ನಿಮ್ಮ ಅಕ್ಕ ಇನ್ನೂ ನಮ್ಮ ದೇಶದವಳೇ.

ಇನ್ನೊಂದು ಮೋಜಿನ ಸಂಗತಿ. ಆ ಕಾರ್ಡು ಯಾವಾಗಲೂ ಹಸಿರಾಗಿರಲಿಲ್ಲ. 1940ರ ದಶಕದಲ್ಲಿ ಹಸಿರು ಕಾಗದದಲ್ಲಿ ಬಂದದ್ದರಿಂದ ಆ ಹೆಸರು ಬಿತ್ತು. 1964ರ ನಂತರ ಬೇರೆ ಬೇರೆ ಬಣ್ಣಗಳಾದವು, ಹೆಸರು ಮಾತ್ರ ಉಳಿಯಿತು. 2010ರಲ್ಲಿ ಮತ್ತೆ ಹಸಿರು ಬಣ್ಣ ಬಂತು.

ನೌಕರಿಯ ಮೂಲಕವೂ ಈ ಕಾರ್ಡು ಪಡೆಯಬಹುದು. ಆದರೆ ಆ ಸಾಲು ಬಹಳ ಉದ್ದ. ನೌಕರಿಯ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 1,40,000 ಕಾರ್ಡುಗಳು, ಒಂದು ದೇಶಕ್ಕೆ ಶೇಕಡಾ 7ರ ಮಿತಿ. ನಮ್ಮ ದೇಶದವರು ಹೆಚ್ಚಿರುವುದರಿಂದ ಹತ್ತಾರು ವರ್ಷ ಕಾಯುವವರಿದ್ದಾರೆ. ಅಮೆರಿಕದ ಪೌರನ ಹೆಂಡತಿ ಅಥವಾ ಗಂಡನಿಗೆ ಮಾತ್ರ ಈ ಸಂಖ್ಯೆಯ ಮಿತಿ ಇಲ್ಲ. ಅರ್ಜಿ ಸರಿಯಿದ್ದರೆ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ಆದ್ದರಿಂದಲೇ ಈ ಬಾಗಿಲಲ್ಲಿ ಪರೀಕ್ಷೆ ಬಲು ಬಿಗಿ.

ಹಿಂದಿನವರ ಕಥೆ

ಲಗ್ನದ ವಿಷಯದಲ್ಲಿ ಸರ್ಕಾರ ಕಣ್ಣಿಡುವುದು ಹೊಸದೇನೂ ಅಲ್ಲ. ನಮ್ಮ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನ ಕಾಲದ ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಲಗ್ನವಾದಾಗ ಅರಸನೇ ಸಿಟ್ಟಾದ ಕಥೆ ನಿಮಗೆಲ್ಲ ಗೊತ್ತು.

ಓದಲು ಹೋಗಿ ಅಲ್ಲಿಯ ಹೆಣ್ಣನ್ನು ಮದುವೆಯಾದ ಕನ್ನಡಿಗರು ಹಿಂದೆಯೂ ಇದ್ದರು. ಹಾಸನದಲ್ಲಿ ಹುಟ್ಟಿದ ಲೇಖಕ ರಾಜಾರಾವ್ 1929ರಲ್ಲಿ ಫ್ರಾನ್ಸಿನ ಮಾಂಪೆಲಿಯೆ ನಗರಕ್ಕೆ ಓದಲು ಹೋದರು. 1931ರಲ್ಲಿ ಅಲ್ಲಿಯ ಕಾಮಿಲ್ ಮೂಲಿ ಎಂಬವರನ್ನು ಮದುವೆಯಾದರು. ಆ ದಿನಗಳಲ್ಲಿ ಅವರು ಧಾರವಾಡದ ‘ಜಯ ಕರ್ನಾಟಕ’ ಪತ್ರಿಕೆಗೆ ಕನ್ನಡದಲ್ಲಿ ಬರೆಯುತ್ತಿದ್ದರು.

ಅಮೆರಿಕದಲ್ಲಿ ಆಗಿನ ಕಾನೂನು ಬಹಳ ಕಟುವಾಗಿತ್ತು. 1917ರ ಕಾಯ್ದೆ ನಮ್ಮ ದೇಶದವರು ನೆಲೆಸಲು ಬರುವುದನ್ನೇ ತಡೆಯಿತು. ವಿದ್ಯಾರ್ಥಿಗಳಿಗೆ ಮಾತ್ರ ರಿಯಾಯಿತಿ ಇತ್ತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಭಾರತೀಯರು ಪೌರರಾಗಲು ಬರುವುದಿಲ್ಲ ಎಂದು ತೀರ್ಪು ಕೊಟ್ಟಿತು. ಪೌರತ್ವಕ್ಕೆ ಅರ್ಹನಲ್ಲದ ಪರದೇಶಿಯನ್ನು ಮದುವೆಯಾದರೆ ಅಮೆರಿಕದ ಹೆಣ್ಣುಮಗಳೇ ತನ್ನ ಪೌರತ್ವ ಕಳೆದುಕೊಳ್ಳಬೇಕೆಂದು 1922ರ ಕಾನೂನು ಹೇಳುತ್ತಿತ್ತು! ಅದು ಹೋದದ್ದು 1931ರಲ್ಲಿ.

ಪಂಜಾಬಿನ ದಲೀಪ್ ಸಿಂಗ್ ಸೌಂದ್ 1920ರಲ್ಲಿ ವಿದ್ಯಾರ್ಥಿಯಾಗಿ ಕ್ಯಾಲಿಫೋರ್ನಿಯಕ್ಕೆ ಹೋದರು. 1924ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದರು. ಅಷ್ಟು ಓದಿದರೂ ಒಕ್ಕಲುತನ ಮಾಡಿ ಬದುಕಬೇಕಾಯಿತು. 1928ರಲ್ಲಿ ಮೇರಿಯನ್ ಕೋಸಾ ಅವರನ್ನು ಮದುವೆಯಾದರು. ಹೆಂಡತಿ ಅಲ್ಲಿಯವಳು, ಮಕ್ಕಳು ಅಲ್ಲಿ ಹುಟ್ಟಿದವರು, ಆದರೂ ಸೌಂದ್ ಪೌರರಾಗಲಿಲ್ಲ. 1946ರಲ್ಲಿ ಕಾನೂನು ಬದಲಾಯಿತು. ವರ್ಷಕ್ಕೆ 100 ಭಾರತೀಯರಿಗೆ ನೆಲೆಸಲು ಅವಕಾಶ ಕೊಟ್ಟರು, ಪೌರತ್ವದ ಬಾಗಿಲೂ ತೆರೆಯಿತು. ಸೌಂದ್ 1949ರಲ್ಲಿ ಪೌರರಾದರು. 1956ರಲ್ಲಿ ಚುನಾವಣೆ ಗೆದ್ದು ಅಮೆರಿಕದ ಸಂಸತ್ತಿಗೆ ಹೋದರು. ಏಷ್ಯಾ ಮೂಲದವರಲ್ಲಿ ಅವರೇ ಮೊದಲಿಗರು. ನಮ್ಮ ಬೆಳಗಾವಿ ಜಿಲ್ಲೆಯ ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾಣೇದಾರ್ 1979ರಲ್ಲಿ ಓದಲು ಹೋದವರು. ಅವರು 2022ರ ಚುನಾವಣೆಯಲ್ಲಿ ಗೆದ್ದು ಅದೇ ಸಂಸತ್ತಿಗೆ ಹೋದರು.

ದೇಶದೊಳಗೇ ಇದ್ದುಕೊಂಡು ವೀಸಾದಿಂದ ಕಾಯಂ ವಾಸಕ್ಕೆ ಬದಲಾಗುವ ಈಗಿನ ವ್ಯವಸ್ಥೆ 1952ರ ಕಾಯ್ದೆಯಿಂದ ಬಂದದ್ದು. ನಮ್ಮ ಹುಡುಗಿ ಹಿಡಿದದ್ದು ಇದೇ ದಾರಿ.

ಗೊಳಸಂಗಿಯಿಂದ ಹೋದ ಕಾಗದ

ಅರ್ಜಿಗಳು ಎರಡು. ‘ಇವಳು ನನ್ನ ಹೆಂಡತಿ’ ಎಂದು ಗಂಡ ಹಾಕುವ ಅರ್ಜಿ ಒಂದು. ‘ನನಗೆ ಕಾಯಂ ವಾಸ ಕೊಡಿ’ ಎಂದು ಹೆಂಡತಿ ಹಾಕುವ ಅರ್ಜಿ ಇನ್ನೊಂದು. 2024ರ ಏಪ್ರಿಲ್ 1ರಿಂದ ಎರಡನೆಯದರ ಶುಲ್ಕವೇ 1,440 ಡಾಲರ್. ಜೊತೆಗೆ ಹೆಂಡತಿಯನ್ನು ಸಾಕಬಲ್ಲೆ ಎಂದು ಗಂಡ ಬರೆದುಕೊಡಬೇಕು. ಅಲ್ಲಿಯ ಸರ್ಕಾರ ಗೊತ್ತುಪಡಿಸಿದ ಬಡತನದ ಮಟ್ಟದ ಶೇಕಡಾ 125ರಷ್ಟಾದರೂ ಅವನ ವರಮಾನ ಇರಬೇಕು. ವೈದ್ಯರ ತಪಾಸಣೆ ಇದೆ. ದಡಾರ, ಧನುರ್ವಾಯು, ಪೋಲಿಯೊ ಚುಚ್ಚುಮದ್ದುಗಳ ಲೆಕ್ಕ ಕೇಳುತ್ತಾರೆ. ಮಕ್ಕಳೇ, ಚುಚ್ಚುಮದ್ದು ಅಂದಾಗ ಅಳುವವರು ನೆನಪಿಟ್ಟುಕೊಳ್ಳಿ: ಆ ತಾಯಿ ಕಾರ್ಡು ಇಪ್ಪತ್ತೈದು ವರ್ಷದ ಮೇಲೂ ಕೆಲಸಕ್ಕೆ ಬರುತ್ತದೆ.

ನಮ್ಮ ಹುಡುಗಿಗೆ ತೊಡಕಾದದ್ದು ಜನನ ಪ್ರಮಾಣಪತ್ರ. ಅವಳು ಹುಟ್ಟಿದ್ದು 1999ರಲ್ಲಿ, ತಾಯಿಯ ತವರಾದ ಗೊಳಸಂಗಿಯ ಮನೆಯಲ್ಲೇ. ದಾಖಲೆಯಲ್ಲಿ ತಂದೆಯ ಹೆಸರು ಇತ್ತು, ತಾಯಿಯ ಹೆಸರು ಇತ್ತು, ಅವಳ ಹೆಸರಿನ ಜಾಗ ಖಾಲಿ. ಹೆಸರಿಡುವ ಮೊದಲೇ ಬರೆಸಿದ್ದು, ಆಮೇಲೆ ಯಾರೂ ಆ ಕಡೆ ಹೋಗಿರಲಿಲ್ಲ. ಹೆಸರಿಲ್ಲದ ಕಾಗದ ಅಮೆರಿಕದ ಕಚೇರಿಗೆ ಸಾಲದು. ಇಂಥಾದ್ದಕ್ಕೆ ಅವರು ಬೇರೆ ದಾರಿ ಇಟ್ಟಿದ್ದಾರೆ: ಶಾಲೆಯ ದಾಖಲೆ, ಜೊತೆಗೆ ಆ ಮಗು ಹುಟ್ಟಿದ್ದನ್ನು ಸ್ವತಃ ಬಲ್ಲ ಇಬ್ಬರ ಅಫಿಡವಿಟ್.

ಸ್ವತಃ ಬಲ್ಲವರು ಯಾರು? ಒಬ್ಬಳು ಅಜ್ಜಿ, ನನ್ನ ತಂಗಿ. ಇನ್ನೊಬ್ಬಳು ಅವತ್ತು ಹೆರಿಗೆ ಮಾಡಿಸಿದ ಸೂಲಗಿತ್ತಿ. ಎಂಬತ್ತು ದಾಟಿದ ಆ ತಾಯಿಯನ್ನು ಬಸವನ ಬಾಗೇವಾಡಿಗೆ ನೋಟರಿಯ ಹತ್ತಿರ ಕರೆದೊಯ್ದೆ. ನೋಟರಿ “ಯಾವ ದಿನ ಹುಟ್ಟಿದ್ದು ನೆನಪೈತೇನಬೇ?” ಎಂದು ಕೇಳಿದರು. “ತಾರೀಖು ನೀವ ಬರಕೋರಿ. ಅವತ್ತ ಸೋಮವಾರ, ಜೋಳದ ರಾಶಿ ನಡದಿತ್ತು. ಹೊಕ್ಕಳ ಬಳ್ಳಿ ಕೊಯ್ದಾಕಿ ನಾನ” ಎಂದಳು. ಹೆಬ್ಬೆಟ್ಟು ಒತ್ತಿದಳು. ಶಾಲೆಯ ದಾಖಲೆ ಕನ್ನಡದಲ್ಲಿತ್ತು. ಕನ್ನಡದ ಕಾಗದಕ್ಕೆ ಪೂರ್ತಿ ಇಂಗ್ಲಿಷ್ ಅನುವಾದ ಬೇಕು. ಎರಡೂ ಭಾಷೆ ಬಲ್ಲವರು ‘ಸರಿಯಾಗಿ ಅನುವಾದಿಸಿದ್ದೇನೆ’ ಎಂದು ಸಹಿ ಮಾಡಿದರೆ ಸಾಕು. ಆ ಸಹಿ ನಾನು ಮಾಡಿದೆ. ಹೀಗೆ ಒಂದು ಹೆಬ್ಬೆಟ್ಟು, ಎರಡು ಸಹಿ ಗೊಳಸಂಗಿಯಿಂದ ಅಮೆರಿಕಕ್ಕೆ ಹೋದವು. ಸಾಲಿ ಮೆಟ್ಟಿಲು ಹತ್ತದ ಆ ಸೂಲಗಿತ್ತಿಯ ಮಾತು ಅಲ್ಲಿಯ ಅಧಿಕಾರಿಯ ಮೇಜಿನ ಮೇಲೆ ಸಾಕ್ಷಿಯಾಗಿ ಕುಳಿತಿತು.

ದೀಪಾವಳಿಗೆ ಯಾಕೆ ಬರಲಿಲ್ಲ?

ಇಂಡಿಯ ಪುಟ್ಟಿ, ನಿನ್ನ ಎರಡನೇ ಪ್ರಶ್ನೆಗೆ ಬಂದೆ. ಅರ್ಜಿ ಕಚೇರಿಯಲ್ಲಿ ಇರುವಾಗ ಮುಂಗಡ ಅನುಮತಿ ಇಲ್ಲದೆ ದೇಶ ಬಿಟ್ಟರೆ, ‘ಇವಳು ಅರ್ಜಿ ಕೈಬಿಟ್ಟಳು’ ಎಂದು ಲೆಕ್ಕ ಹಾಕುತ್ತಾರೆ. ಕಟ್ಟಿದ ಹಣ ಹೋಯಿತು, ಕೂಡಿಸಿದ ಕಾಗದವೂ ಹೋಯಿತು. ಆ ಅನುಮತಿಗೆ ‘ಅಡ್ವಾನ್ಸ್ ಪರೋಲ್’ ಎನ್ನುತ್ತಾರೆ. ಅದು ಕೈಗೆ ಬರಲು ತಿಂಗಳುಗಟ್ಟಲೆ ಹಿಡಿಯಬಹುದು.

ನನ್ನ ತಂಗಿ 2024ರ ಶ್ರಾವಣದಲ್ಲಿ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಮೊಮ್ಮಗಳ ಅನುಮತಿ ಇನ್ನೂ ಬಂದಿರಲಿಲ್ಲ. ಫೋನಿನಲ್ಲಿ ಮುಖ ನೋಡಿ ಅತ್ತಳು. “ಅಳಬ್ಯಾಡ. ನಿನ್ನ ಕಾಗದ ಕೈಗೆ ಬರೂತನಕ ನಾ ಎಲ್ಲಿಗೂ ಹೋಗೂದಿಲ್ಲ” ಎಂದು ಅಜ್ಜಿಯೇ ಸಮಾಧಾನ ಹೇಳಿದಳು. ಊರಲ್ಲಿ ಕೆಲವರು “ಲಗ್ನಾದ ಮ್ಯಾಲ ಹಿರೇರನ್ನ ಮರೆತಳು” ಎಂದು ಆಡಿಕೊಂಡರು. ಬರಲಾರದೆ ಇರುವುದು ಬೇರೆ, ಮರೆಯುವುದು ಬೇರೆ. ದೂರದಲ್ಲಿ ಇರುವ ಮಕ್ಕಳ ಮೇಲೆ ಇಂಥ ಮಾತು ಹೊರಿಸುವ ಮೊದಲು ಅವರ ಕಾಗದ ಯಾವ ಹಂತದಲ್ಲಿದೆ ಎಂದು ಕೇಳಿ ತಿಳಿದುಕೊಳ್ಳಬೇಕು. ಅನುಮತಿ ಬಂದ ಮೇಲೆ ಆಕೆ ಹನ್ನೆರಡು ದಿನಕ್ಕೆ ಬಂದು ಹೋದಳು. ಅಜ್ಜಿ ಮಂಚದ ಮೇಲೆ ಕುಳಿತೇ ಉಡಿ ತುಂಬಿದಳು, ಮೊಮ್ಮಗಳಿಗೂ ಅಳಿಯನಿಗೂ ಅಕ್ಕಿಕಾಳು ಹಾಕಿದಳು.

ಲಗ್ನ ಖರೆಯೋ, ಸುಳ್ಳೋ?

ಕೊನೆಗೆ ಸಂದರ್ಶನ. ಗಂಡ ಹೆಂಡತಿ ಇಬ್ಬರೂ ಅಧಿಕಾರಿಯ ಮುಂದೆ ಕೂರಬೇಕು. ಎಲ್ಲಿ ಭೇಟಿಯಾದಿರಿ, ಲಗ್ನಕ್ಕೆ ಯಾರು ಬಂದಿದ್ದರು, ಬಾಡಿಗೆ ಕರಾರು ಯಾರ ಹೆಸರಲ್ಲಿದೆ, ಬ್ಯಾಂಕಿನ ಖಾತೆ ಜಂಟಿಯೋ ಎಂದೆಲ್ಲ ಕೇಳುತ್ತಾರೆ. ಅನುಮಾನ ಬಂದರೆ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಒಂದೇ ಪ್ರಶ್ನೆ ಕೇಳಿ ಉತ್ತರ ತಾಳೆ ನೋಡುತ್ತಾರೆ. ಕನ್ಯಾ ನೋಡಲು ಬಂದಾಗ ನಮ್ಮ ಹಿರಿಯರು ನಾಲ್ಕು ಮನೆಗಳಲ್ಲಿ ವಿಚಾರಿಸುವುದಿಲ್ಲವೇ? ಆ ಕೆಲಸವನ್ನು ಅಲ್ಲಿ ಸರ್ಕಾರ ಮಾಡುತ್ತದೆ, ಲಗ್ನವಾದ ಮೇಲೆ.

ಯಾಕೆಂದರೆ ಕಾರ್ಡಿಗಾಗಿ ಸುಳ್ಳು ಲಗ್ನ ಮಾಡಿಸುವ ದಲಾಲರೂ ಇದ್ದಾರೆ. ಅಮೆರಿಕದಲ್ಲಿ ಇದು ಅಪರಾಧ: 5 ವರ್ಷದವರೆಗೆ ಜೈಲು, 2,50,000 ಡಾಲರ್‌ವರೆಗೆ ದಂಡ. ವಿದ್ಯಾರ್ಥಿ ಸಿಕ್ಕಿಬಿದ್ದರೆ ಮುಂದೆ ಖರೆ ಲಗ್ನವಾದರೂ ಆ ದಾರಿ ಅವನಿಗೆ ಮುಚ್ಚಿಹೋಗುತ್ತದೆ. ‘ಇಷ್ಟು ಲಕ್ಷ ಕೊಟ್ಟರೆ ಲಗ್ನದ ಕಾಗದ ಮಾಡಿಸಿಕೊಡುತ್ತೇವೆ’ ಎನ್ನುವವರು ಬಂದರೆ ಬಾಗಿಲಿಂದಲೇ ಕಳಿಸಿಬಿಡಿ.

ಲಗ್ನವಾಗಿ ಎರಡು ವರ್ಷ ತುಂಬುವ ಮೊದಲೇ ಕಾರ್ಡು ಬಂದರೆ ಅದು ಷರತ್ತಿನ ಕಾರ್ಡು, ಎರಡೇ ವರ್ಷದ್ದು. 1986ರ ಕಾನೂನಿನಿಂದ ಹೀಗಾಯಿತು. ಅವಧಿ ಮುಗಿಯುವ ಮುಂಚಿನ 90 ದಿನಗಳಲ್ಲಿ ಗಂಡ ಹೆಂಡತಿ ಸೇರಿ ಮತ್ತೊಂದು ಅರ್ಜಿ ಹಾಕಿ ಷರತ್ತು ತೆಗೆಸಬೇಕು. ನಮ್ಮ ಹುಡುಗಿಗೆ 2025ರಲ್ಲಿ ಬಂದದ್ದು ಈ ಕಾರ್ಡೇ.

ಹೆಣ್ಣುಮಕ್ಕಳ ಹಿರಿಯರು ಇಲ್ಲಿ ಒಂದು ಮಾತು ಗಟ್ಟಿಯಾಗಿ ಕೇಳಿಸಿಕೊಳ್ಳಬೇಕು. ‘ಸೇರಿ ಹಾಕಬೇಕು’ ಎಂಬ ನಿಯಮವನ್ನೇ ಹಿಡಿದು “ನಾ ಸಹಿ ಮಾಡಲಿಲ್ಲಂದ್ರ ನೀ ಊರಿಗೆ ವಾಪಸ್” ಎಂದು ಹೆದರಿಸುವ ಗಂಡಂದಿರೂ ಇದ್ದಾರೆ. ಅದು ಪೂರ್ತಿ ಸತ್ಯವಲ್ಲ. ಲಗ್ನ ಪ್ರಾಮಾಣಿಕವಾಗಿ ಆಗಿ ಆಮೇಲೆ ಮುರಿದಿದ್ದರೆ, ಅಥವಾ ಹೊಡೆತ-ಬಡಿತ, ಕಿರುಕುಳ ಇದ್ದರೆ, ಹೆಂಡತಿ ಒಬ್ಬಳೇ ಆ ಅರ್ಜಿ ಹಾಕಬಹುದು. ಕಿರುಕುಳ ಕೊಡುವ ಗಂಡನಿಗೆ ಗೊತ್ತಾಗದಂತೆ ಹೆಂಡತಿಯೇ ಮೊದಲ ಅರ್ಜಿ ಹಾಕಲು 1994ರ ಕಾನೂನು ಅವಕಾಶ ಕೊಟ್ಟಿದೆ. ಕೆನಡಾ 2012ರಲ್ಲಿ ಇಂಥ ಎರಡು ವರ್ಷದ ಷರತ್ತು ತಂದು, ಹೆಂಗಸರು ಹೆದರಿ ಸಹಿಸಿಕೊಂಡಿರುತ್ತಾರೆಂದು ತಿಳಿದು 2017ರಲ್ಲಿ ತೆಗೆದುಹಾಕಿತು. ಪಾಸ್‌ಪೋರ್ಟು, ಕಾರ್ಡು, ಲಗ್ನದ ದಾಖಲೆ ಎಲ್ಲವೂ ಮಗಳ ಕೈಯಲ್ಲೇ ಇರಲಿ. ಪ್ರತಿಯೊಂದರ ನಕಲು ತವರಿನಲ್ಲಿರಲಿ. “ಕಾಗದಕ್ಕಾಗಿ ಸಹಿಸಿಕೋ” ಎಂದು ನಾವು ಯಾರೂ ಮಗಳಿಗೆ ಹೇಳಬಾರದು.

ಹೊಲ ಮತ್ತು ವೋಟು

ಮುದ್ದೇಬಿಹಾಳದ ಹಿರಿಯರಿಗೆ ನನ್ನ ಉತ್ತರ. ನಮ್ಮ ರಾಜ್ಯದಲ್ಲಿ 1994ರ ತಿದ್ದುಪಡಿಯಿಂದ, ಇಡೀ ದೇಶದಲ್ಲಿ 2005ರಿಂದ, ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಇದೆ. ಹಸಿರು ಕಾರ್ಡು ಬಂದರೆ ಆ ಪಾಲು ಹೋಗುವುದಿಲ್ಲ. ವಿದೇಶದಲ್ಲಿ ನೆಲೆಸಿದವರು ಇಲ್ಲಿ ಹೊಸದಾಗಿ ಕೃಷಿ ಜಮೀನು ಕೊಳ್ಳಲು ಬರುವುದಿಲ್ಲ, ಆದರೆ ವಾರಸಾ ಹಕ್ಕಿನಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು.

ಪೌರನ ಜೊತೆ ಸಂಸಾರ ಮಾಡಿಕೊಂಡಿದ್ದರೆ, ಕಾರ್ಡು ಬಂದ ಮೂರು ವರ್ಷಕ್ಕೆ ಅಮೆರಿಕದ ಪೌರತ್ವ ಕೇಳಬಹುದು. ಉಳಿದವರಿಗೆ ಐದು ವರ್ಷ. ಕೇಳಲೇಬೇಕೆಂದಿಲ್ಲ. ಪೌರತ್ವ ಪಡೆದರೆ ಭಾರತದ ಪೌರತ್ವ ಉಳಿಯದು, ಏಕೆಂದರೆ ನಮ್ಮಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ. ಆಗ ಒಸಿಐ ಕಾರ್ಡು ಮಾಡಿಸಿಕೊಂಡು ಊರಿಗೆ ಬಂದು ಹೋಗಬಹುದು, ವೋಟು ಹಾಕಲಾಗದು.

ನಮ್ಮ ದೇಶವೂ ಇಂಥ ಕಟ್ಟುಪಾಡು ಇಟ್ಟಿದೆ. ಓದಲು ಬಂದ ವಿದೇಶಿ ಹುಡುಗಿ ವಿಜಯಪುರದ ಹುಡುಗನನ್ನು ಮದುವೆಯಾದರೆ, ಲಗ್ನ ನೋಂದಾಯಿಸಿ ಎರಡು ವರ್ಷ ಸಂಸಾರ ನಡೆದ ಮೇಲೆ ಒಸಿಐ ಕಾರ್ಡು ಕೇಳಬಹುದು. ಪೌರತ್ವಕ್ಕೆ ಏಳು ವರ್ಷ ಇಲ್ಲಿ ವಾಸವಿರಬೇಕು. ಅವಳ ಊರಲ್ಲೂ ಒಬ್ಬ ಅಜ್ಜಿ ದಾರಿ ನೋಡುತ್ತಿರುತ್ತಾಳೆ.

ಈ ವಾರದ ಕೆಲಸ

ಮಕ್ಕಳೇ, ಈ ಭಾನುವಾರ ಅಜ್ಜ-ಅಜ್ಜಿಯ ಜೊತೆ ಕುಳಿತು ಮನೆಯ ಟ್ರಂಕು ತೆಗೆಯಿರಿ. ನಿಮ್ಮ ಜನನ ಪ್ರಮಾಣಪತ್ರ, ಶಾಲೆಯ ದಾಖಲೆ, ಆಧಾರ್ ಮೂರನ್ನೂ ಪಕ್ಕಪಕ್ಕದಲ್ಲಿ ಇಡಿ. ಹೆಸರು ಮೂರರಲ್ಲೂ ಒಂದೇ ತೆರನಾಗಿ ಇದೆಯೇ? ಹುಟ್ಟಿದ ತಾರೀಖು ಒಂದೇ ಇದೆಯೇ? ನಮ್ಮ ಕಡೆ ಊರ ಹೆಸರೇ ಅಡ್ಡಹೆಸರು. ಗೊಳಸಂಗಿ, ಬಾಗೇವಾಡಿ, ಮನಗೂಳಿ ಎಂದು ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ಕಡೆ ಅಕ್ಷರ ಹೆಚ್ಚು, ಇನ್ನೊಂದು ಕಡೆ ಕಡಿಮೆ ಆಗಿರುತ್ತದೆ. ಈಗಲೇ ತಿದ್ದಿಸಿದರೆ ಸುಲಭ. ಮನೆಯಲ್ಲಿ ಹೊಸ ಕೂಸು ಹುಟ್ಟಿದ್ದರೆ 21 ದಿನದೊಳಗೆ ಬರೆಸಿ. ಹೆಸರಿಟ್ಟ ಕೂಡಲೇ ಸೇರಿಸಿ, ಮೊದಲ 12 ತಿಂಗಳು ಅದಕ್ಕೆ ಶುಲ್ಕವಿಲ್ಲ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆಯಿಂದ ಪಾಸ್‌ಪೋರ್ಟಿನವರೆಗೆ ಈ ಒಂದೇ ಕಾಗದ ಆಧಾರ.

ಅಜ್ಜಿಯರೇ, ನಿಮಗೂ ಒಂದು ಕೆಲಸ. ಮೊಮ್ಮಕ್ಕಳು ಹುಟ್ಟಿದ ದಿನ ಏನು ನಡೆದಿತ್ತು, ಯಾರು ಇದ್ದರು ಎಂದು ಅವರಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿಡಿ. ಮಕ್ಕಳಿಗೆ ಅದು ಕಥೆ. ಯಾವತ್ತೋ ಒಂದು ದಿನ ಅದೇ ಸಾಕ್ಷಿಯೂ ಆದೀತು.